ಹೈದರಾಬಾದಿನಲ್ಲಿ ಒಂದು ಸಂಜೆ ಬಿಡುವಾದರೆ: ಪುಕ್ಕಟೆ ನೋಟಕ್ಕೆ ಯಾವ ಗುಡ್ಡ, ಯಾವ ದಂಡೆ?

ಕಲಬುರಗಿ, ಬೀದರ್, ಯಾದಗಿರಿಯವರಿಗೆ ದೊಡ್ಡ ಊರು ಅಂದರೆ ಹೈದರಾಬಾದ್. ರಾಜಧಾನಿ ಬೆಂಗಳೂರೇ ಇರಬಹುದು, ಆದರೆ ಬೀದರ್‌ನಿಂದ ಹೈದರಾಬಾದಿಗೆ 150 ಕಿಲೋಮೀಟರ್ ಕೂಡ ಇಲ್ಲ. 1956ರವರೆಗೆ ನಾವೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ಇವತ್ತಿಗೂ ದೊಡ್ಡ ದವಾಖಾನೆ, ನೌಕರಿಯ ಇಂಟರ್‌ವ್ಯೂ, ಮದುವೆ ಜವಳಿ, ಮಗನನ್ನು ವಿಮಾನ ಹತ್ತಿಸುವುದು, ಎಲ್ಲದಕ್ಕೂ ಆ ಕಡೆಯೇ ಹೊರಡುತ್ತೇವೆ. ಹೋದ ಕೆಲಸ ಮುಗಿದ ಮೇಲೆ ಮೂರ್ನಾಲ್ಕು ತಾಸು ಉಳಿಯುತ್ತದೆ. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ಆಗ ಮನೆಯವರು ಕೇಳುತ್ತಾರೆ: "ಇಷ್ಟು ದೂರ ಬಂದೀವಿ, ಊರು ಚೆಂದ ಕಾಣೋ ಒಂದು ಜಾಗ ತೋರಿಸ್ರಿ. ಟಿಕೆಟ್ ಗಿಕೆಟ್ ಬ್ಯಾಡ."

ಈ ಪ್ರಶ್ನೆ ನನಗೂ ಪದೇ ಪದೇ ಬರುತ್ತದೆ. ನೆಂಟರು ಫೋನ್ ಮಾಡಿ ಬಿರ್ಲಾ ಮಂದಿರಕ್ಕೆ ಹೋಗೋಣವೋ ಟ್ಯಾಂಕ್ ಬಂಡ್‌ಗೋ ಎಂದು ಕೇಳುತ್ತಾರೆ. ಹುಡುಗರಿಗೆ ಕೇಬಲ್ ಸೇತುವೆಯೋ ಖಾಜಾಗುಡದ ಬಂಡೆಗಳೋ ಎಂಬ ಗೊಂದಲ. ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಮಂಡಿನೋವಿನ ಆಯಿಯನ್ನು ಕರೆತಂದವರಿಗೆ ಒಂದು ಜಾಗ ಸರಿ, ಪರೀಕ್ಷೆ ಮುಗಿಸಿದ ಹುಡುಗರಿಗೆ ಇನ್ನೊಂದು. ಅದಕ್ಕೇ ಮೊದಲು ಏನೇನು ನೋಡಿಕೊಂಡು ಆರಿಸಬೇಕು ಅನ್ನುವುದನ್ನು ಹೇಳುತ್ತೇನೆ. ಆಮೇಲೆ ಒಂದೊಂದೇ ಜಾಗಕ್ಕೆ ಬರೋಣ.

ಆರಿಸುವ ಮೊದಲು

ಎಲ್ಲಕ್ಕಿಂತ ಮುಖ್ಯ, ಆ ಊರಿನ ಯಾವ ಮೂಲೆಯಲ್ಲಿ ನಿಮ್ಮ ಕೆಲಸ ಇದೆ ಎಂಬುದು. ಜಾಗ ಪುಕ್ಕಟೆ ಇರುತ್ತದೆ, ಆದರೆ ಅಲ್ಲಿಗೆ ಹೋಗುವ ಆಟೊಗೆ ರೊಕ್ಕ ಕೊಡಲೇಬೇಕು. ಇಮ್ಲಿಬನ್ ಬಸ್ ನಿಲ್ದಾಣದಿಂದ ಹೈಟೆಕ್ ಸಿಟಿವರೆಗೆ ಆಟೊದಲ್ಲಿ ಹೋಗಿ ಬರುವ ರೊಕ್ಕದಲ್ಲಿ ಇಡೀ ಮನೆಮಂದಿಗೆ ಗೋಲ್ಕೊಂಡದ ಟಿಕೆಟ್ ತೆಗೆಯಬಹುದು. ಊರು ಬಹಳ ಅಗಲ. ಸಂಜೆ ಐದರ ಮೇಲೆ ರಸ್ತೆ ತುಂಬಿ ಹೋಗುತ್ತದೆ. ಒಂದು ನೋಟಕ್ಕಾಗಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಡಿ ಅನ್ನುವುದೇ ನನ್ನ ಮೊದಲ ಸಲಹೆ.

ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಮಾತು. ನಮ್ಮ ಶಕ್ತಿ ಯೋಜನೆ ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಅನ್ವಯ ಆಗುವುದಿಲ್ಲ. ಅಲ್ಲಿನ ಸಿಟಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಇದೆ, ಆದರೆ ಅದು ತೆಲಂಗಾಣದ ನಿವಾಸಿಗಳಿಗೆ ಮಾತ್ರ. ನಮ್ಮ ಆಧಾರ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಕೇಳುತ್ತಾರೆ. ಖರ್ಚು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಎರಡನೆಯದು ಹೊತ್ತು. ಒಂದೇ ಜಾಗ ಮುಂಜಾನೆ ಒಂದು ಥರ ಕಾಣುತ್ತದೆ, ಮಧ್ಯಾಹ್ನ ಅಲ್ಲಿ ನಿಲ್ಲಲೂ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಹೈದರಾಬಾದಿನಲ್ಲಿ 5.45ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಸುಮಾರು 6.50ಕ್ಕೆ. ಒಂದು ತಾಸಿಗೂ ಹೆಚ್ಚಿನ ಈ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮೇಲೆ ಹತ್ತುವಷ್ಟರಲ್ಲಿ ಕತ್ತಲಾಗಿರುತ್ತದೆ.

ಮೂರನೆಯದು ಕಾಲು. ಎಷ್ಟು ಮೆಟ್ಟಿಲು, ನಡುವೆ ಕೂರಲು ಜಾಗ ಇದೆಯೋ ಇಲ್ಲವೋ. ಜೊತೆಗೆ ಬಂದವರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಲೆಕ್ಕದಲ್ಲಿ ಆರಿಸಿ. ಕೊನೆಯದಾಗಿ, ನಿಮಗೆ ಕಾಣಬೇಕಾದ್ದೇನು? ಕೆರೆ ನೀರೋ, ಹಳೇ ಊರಿನ ಗುಮ್ಮಟಗಳೋ, ಗಾಜಿನ ಕಟ್ಟಡಗಳ ಹೊಸ ಊರೋ, ಬರೀ ಬಂಡೆ ಆಕಾಶವೋ? ಹೈದರಾಬಾದಿನಲ್ಲಿ ಈ ನಾಲ್ಕೂ ಇವೆ, ಆದರೆ ಒಂದೇ ಕಡೆ ನಾಲ್ಕೂ ಸಿಗುವುದಿಲ್ಲ.

ಬಿರ್ಲಾ ಮಂದಿರ

ಊರ ನಡುವೆ ನೌಬತ್ ಪಹಾಡ್ ಎಂಬ ಗುಡ್ಡ ಇದೆ, ಎತ್ತರ ಸುಮಾರು 280 ಅಡಿ. ಅದರ ಮೇಲೆ ಬಿಳಿ ಅಮೃತಶಿಲೆಯ ವೆಂಕಟೇಶ್ವರ ಗುಡಿ. 1976ರಲ್ಲಿ ಪ್ರತಿಷ್ಠಾಪನೆ ಆಯಿತು. ಪ್ರವೇಶಕ್ಕೆ ರೊಕ್ಕ ಇಲ್ಲ. ನಾಂಪಲ್ಲಿ ರೈಲು ನಿಲ್ದಾಣದಿಂದ ಹತ್ತಿರ. ಮೆಟ್ರೊದಲ್ಲಿ ಬಂದರೆ ಅಸೆಂಬ್ಲಿ ಅಥವಾ ಲಕ್ಡಿಕಾಪುಲ್‌ನಲ್ಲಿ ಇಳಿಯಬಹುದು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದೇ ಜಾಗ. ಕಾರಣ ಅಲ್ಲಿಂದ ಕಾಣುವ ನೋಟ. ಮೇಲಿನ ಕಟ್ಟೆಗೆ ಬಂದು ನಿಂತರೆ ಹುಸೇನ್ ಸಾಗರ್ ಕೆರೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಕೆರೆಯ ನಡುವೆ ಬುದ್ಧ, ದಂಡೆಯಲ್ಲಿ 2023ರಲ್ಲಿ ಆರಂಭವಾದ ಹೊಸ ಸಚಿವಾಲಯದ ಗುಮ್ಮಟಗಳು, ಅದರ ಹತ್ತಿರವೇ 125 ಅಡಿಯ ಅಂಬೇಡ್ಕರ್ ಪ್ರತಿಮೆ. ಅದು ಅನಾವರಣ ಆಗಿದ್ದು ಅದೇ ವರ್ಷ ಏಪ್ರಿಲ್ 14ರಂದು. ಊರಿನ ನಕಾಶೆಯೇ ಸಿಕ್ಕಂತಾಗುತ್ತದೆ. ಇಲ್ಲಿ ಒಮ್ಮೆ ನಿಂತವರಿಗೆ ಆಮೇಲೆ ಕೆಳಗೆ ಯಾವ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು ಸುಲಭ.

ಸಂಜೆ ಹೊತ್ತು ಬರಿಗಾಲಿನಲ್ಲಿ ನಡೆಯುವಾಗ ಅಂಗಾಲಿಗೆ ಕಲ್ಲು ತಂಪಾಗಿ ತಾಗುತ್ತದೆ. ದೀಪ ಹಚ್ಚಿದ ಮೇಲೆ ಬಿಳಿ ಗೋಡೆಗಳಿಗೆ ತುಸು ಹಳದಿ ಬಣ್ಣ ಬರುತ್ತದೆ. ಇಲ್ಲಿ ಗಂಟೆಗಳಿಲ್ಲ. ಧ್ಯಾನಕ್ಕೆ ಅಡ್ಡಿ ಆಗಬಾರದು ಎಂದು ಕಟ್ಟುವಾಗಲೇ ಹಾಗೆ ತೀರ್ಮಾನಿಸಿದ್ದರು. ಜನ ಎಷ್ಟೇ ಇದ್ದರೂ ಕಿವಿಗೆ ಒಂದು ಬಗೆಯ ಸಮಾಧಾನ ಸಿಗುತ್ತದೆ. ಇಡೀ ದಿನ ದವಾಖಾನೆಯ ವರಾಂಡದಲ್ಲಿ ಕೂತು ಬಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇಲ್ಲಿ ಬಿಟ್ಟುಕೊಡಬೇಕಾದ್ದು ಫೋಟೊ. ಮೊಬೈಲ್, ಕ್ಯಾಮೆರಾ ಒಳಗೆ ಬಿಡುವುದಿಲ್ಲ, ಕೆಳಗೆ ಕೌಂಟರಿನಲ್ಲಿ ಇಟ್ಟು ಹೋಗಬೇಕು. ಫೋಟೊನೇ ಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. ಫೋನ್ ಇಲ್ಲದೆ ಗುಂಪು ಚದುರಿದರೆ ಹುಡುಕುವುದೂ ಕಷ್ಟ, ಹಾಗಾಗಿ ಇಳಿದ ಮೇಲೆ ಎಲ್ಲಿ ಸೇರುವುದು ಎಂದು ಮೊದಲೇ ಹೇಳಿಕೊಂಡು ಹತ್ತಿ. ಮಧ್ಯಾಹ್ನ ಗುಡಿ ಮುಚ್ಚಿರುತ್ತದೆ, ಊಟ ಮುಗಿಸಿ ನೇರ ಅಲ್ಲಿಗೆ ಓಡಬೇಡಿ. ಮೆಟ್ಟಿಲು ಇವೆ, ಏರೂ ಇದೆ. ಮಂಡಿನೋವು ಇರುವವರು ನಿಧಾನಕ್ಕೆ ಹತ್ತಬಹುದು, ಆದರೆ ತೀರಾ ಕಷ್ಟ ಇದ್ದರೆ ಮುಂದೆ ಹೇಳುವ ದಂಡೆಯೇ ಒಳ್ಳೆಯದು. ಪಕ್ಕದ ತಾರಾಲಯಕ್ಕೆ ಬೇರೆ ಟಿಕೆಟ್, ಅದು ಇಲ್ಲಿಯ ಲೆಕ್ಕಕ್ಕೆ ಸೇರುವುದಿಲ್ಲ.

ಹುಸೇನ್ ಸಾಗರ್: ಎರಡು ದಂಡೆ, ಎರಡು ಹೊತ್ತು

ಈ ಕೆರೆ ಕಟ್ಟಿದ್ದು 1560ರ ದಶಕದಲ್ಲಿ, ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ. ಹೈದರಾಬಾದ್ ಎಂಬ ಊರು ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಹಳೆಯದು. ಇಬ್ರಾಹಿಮನ ತಂದೆ ಸುಲ್ತಾನ್ ಕುಲಿ ನಮ್ಮ ಬೀದರ್‌ನ ಬಹಮನಿ ಅರಸರ ಕೈಕೆಳಗೆ ಸುಬೇದಾರನಾಗಿದ್ದವನು, ಗೋಲ್ಕೊಂಡದಲ್ಲಿ ಕೂತು ಸ್ವತಂತ್ರನಾದವನು. ಬೀದರ್ ಕೋಟೆ ನೋಡಿದವರು ಈ ದಂಡೆ ಮೇಲೆ ನಿಂತಾಗ ಆ ನಂಟನ್ನು ನೆನಪಿಸಿಕೊಳ್ಳಬೇಕು ಅಂತ ನನ್ನ ಆಸೆ.

ಜನ ಸಾಮಾನ್ಯವಾಗಿ ಟ್ಯಾಂಕ್ ಬಂಡ್, ನೆಕ್ಲೆಸ್ ರಸ್ತೆ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕೆರೆ ಒಂದೇ, ನೋಟ ಬೇರೆ. ಟ್ಯಾಂಕ್ ಬಂಡ್ ಕೆರೆಯ ಪೂರ್ವದ ಏರಿ. ಅಲ್ಲಿ ನಿಂತರೆ ನೀರು ನಿಮ್ಮ ಪಶ್ಚಿಮಕ್ಕೆ, ಸೂರ್ಯ ಕೆರೆಯ ಆಚೆ ಮುಳುಗುತ್ತಾನೆ. ನೆಕ್ಲೆಸ್ ರಸ್ತೆ ಎದುರು ದಂಡೆ. ಅಲ್ಲಿಂದ ನೋಡಿದರೆ ಮುಂಜಾನೆ ಸೂರ್ಯ ನೀರಿನ ಆಚೆಯಿಂದ ಏಳುತ್ತಾನೆ. ಹಾಗಾಗಿ ಸಂಜೆ ಬಿಡುವಿದ್ದವರು ಟ್ಯಾಂಕ್ ಬಂಡ್‌ಗೆ, ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಇಳಿದವರು ನೆಕ್ಲೆಸ್ ರಸ್ತೆಗೆ. ಒಪಿಡಿ ತೆರೆಯುವವರೆಗೆ ಎರಡು ತಾಸು ಕಾಯಬೇಕಾದವರಿಗೆ ಆ ಮುಂಜಾನೆಯ ದಂಡೆ ಬಹಳ ಚೆಂದ. ವಾಕಿಂಗ್ ಬರುವವರು ಇರುತ್ತಾರೆ, ಗಾಳಿ ತಂಪಾಗಿರುತ್ತದೆ, ಚಹಾ ಸಿಗುತ್ತದೆ.

ಟ್ಯಾಂಕ್ ಬಂಡ್ ಮೇಲೆ ಸಾಲಾಗಿ ಪ್ರತಿಮೆಗಳಿವೆ, 1986ರಲ್ಲಿ ನಿಲ್ಲಿಸಿದ್ದು. ಹೆಚ್ಚಿನವರು ತೆಲುಗು ನಾಡಿನ ಕವಿಗಳು, ಅರಸರು, ಸುಧಾರಕರು. ನಡುವೆ ಶ್ರೀಕೃಷ್ಣದೇವರಾಯನೂ ಇದ್ದಾನೆ. ನಮ್ಮ ಮಕ್ಕಳಿಗೆ "ನೋಡು, ಹಂಪಿಯ ರಾಜ ಇಲ್ಲೂ ಇದ್ದಾನೆ" ಎಂದು ತೋರಿಸಬಹುದು. ಕೆರೆ ನಡುವಿನ ಬುದ್ಧ ಒಂದೇ ಕಲ್ಲಿನಲ್ಲಿ ಕೆತ್ತಿದ ಸುಮಾರು 18 ಮೀಟರ್ ಎತ್ತರದ ಮೂರ್ತಿ. 1990ರಲ್ಲಿ ಸಾಗಿಸುವಾಗ ದೋಣಿ ಮಗುಚಿ ಮೂರ್ತಿ ನೀರಿಗೆ ಬಿತ್ತು, ಕೆಲವರ ಜೀವವೂ ಹೋಯಿತು. ಎರಡು ವರ್ಷ ನೀರೊಳಗೇ ಇದ್ದು 1992ರಲ್ಲಿ ಮೇಲೆದ್ದು ನಿಂತಿತು. ಹತ್ತಿರ ಹೋಗಲು ದೋಣಿಗೆ ರೊಕ್ಕ ಕೊಡಬೇಕು. ನನ್ನ ಮಟ್ಟಿಗೆ ದಂಡೆಯಿಂದ ಕಾಣುವ ಬುದ್ಧನೇ ಸಾಕು. ದೂರದಿಂದ, ಬೆನ್ನ ಹಿಂದೆ ಕೆಂಪು ಆಕಾಶ ಇದ್ದಾಗ ಆ ಮೂರ್ತಿಗೆ ಬರುವ ಕಳೆಯೇ ಬೇರೆ.

ದಂಡೆಯ ದೊಡ್ಡ ಅನುಕೂಲ ಅಂದರೆ ಮೆಟ್ಟಿಲಿಲ್ಲ. ಗಾಲಿಕುರ್ಚಿಯಲ್ಲಿ ಇರುವವರನ್ನೂ ಕರೆತರಬಹುದು. ಮುಚ್ಚುವ ಬಾಗಿಲಿಲ್ಲ, ಫೋಟೊಗೆ ಅಡ್ಡಿಯಿಲ್ಲ, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಲು ಬೆಂಚು ಇವೆ. ಕೊರತೆಗಳೂ ಇವೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ವಾಸನೆ ಬರುತ್ತದೆ. ರಸ್ತೆಯಲ್ಲಿ ಗಾಡಿಗಳು ಜೋರಾಗಿ ಓಡುತ್ತವೆ, ಸಣ್ಣ ಮಕ್ಕಳ ಕೈ ಬಿಡುವಂತಿಲ್ಲ. ಇನ್ನು ಗಣಪತಿ ವಿಸರ್ಜನೆಯ ದಿನ ಆ ಕಡೆ ತಲೆ ಹಾಕಬೇಡಿ. ಮೆರವಣಿಗೆ ನೋಡಲೆಂದೇ ಹೋಗುವುದಾದರೆ ಅದು ಬೇರೆ ಮಾತು. ಬಸ್ಸು ಹಿಡಿಯಬೇಕಾದವರು ಅವತ್ತು ಅಲ್ಲಿ ಸಿಕ್ಕಿಹಾಕಿಕೊಂಡರೆ ರಾತ್ರಿ ಅಲ್ಲೇ ಕಳೆಯಬೇಕಾಗುತ್ತದೆ.

ಬಿರ್ಲಾ ಮಂದಿರವೋ ಟ್ಯಾಂಕ್ ಬಂಡೋ ಎಂದು ಕೇಳುವವರಿಗೆ ಇನ್ನೊಂದು ಸಂಗತಿ: ಎರಡರ ನಡುವೆ ದೂರ ಕಡಿಮೆ. ಕಾಲಲ್ಲಿ ಕಸುವಿದ್ದವರು ನಾಲ್ಕೂವರೆಗೆ ಗುಡಿ ಹತ್ತಿ, ಇಳಿದು, ಸೂರ್ಯ ಮುಳುಗುವಷ್ಟರಲ್ಲಿ ದಂಡೆಗೆ ಬರಬಹುದು. ಒಂದೇ ಸಂಜೆ ಎರಡೂ ಆಗುತ್ತವೆ.

ಬಸ್ ನಿಲ್ದಾಣದ ಬಗಲಲ್ಲೇ: ನಯಾಪುಲ್

ನಮ್ಮ ಕಡೆಯ ಸರ್ಕಾರಿ ಬಸ್ಸುಗಳು ಹೋಗಿ ನಿಲ್ಲುವುದು ಇಮ್ಲಿಬನ್‌ನಲ್ಲಿ, ಅಂದರೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ. ಬಸ್ಸಿಗೆ ಬರೀ ಒಂದು ತಾಸು ಉಳಿದಿದ್ದರೆ ದೂರ ಹೋಗುವ ಮಾತೇ ಇಲ್ಲ. ಆಗ ನಯಾಪುಲ್ ಸೇತುವೆವರೆಗೆ ನಡೆದು ಹೋಗಿ. ಒಂದು ಬದಿಗೆ ಉಸ್ಮಾನಿಯಾ ದವಾಖಾನೆಯ ಗುಮ್ಮಟಗಳು, ನದಿಯ ಆಚೆ ಹೈಕೋರ್ಟಿನ ಕೆಂಪು ಕಟ್ಟಡ. ಎರಡೂ ನೂರು ವರ್ಷದ ಹಿಂದಿನವು, ಎರಡರ ವಿನ್ಯಾಸವೂ ವಿನ್ಸೆಂಟ್ ಎಶ್ ಎಂಬ ಒಬ್ಬನೇ ಶಿಲ್ಪಿಯದು. ಇಳಿಬಿಸಿಲಿನಲ್ಲಿ ಬಹಳ ಸೊಗಸಾಗಿ ಕಾಣುತ್ತವೆ.

ಕೆಳಗೆ ಹರಿಯುವುದು ಮೂಸಿ. ನೀರು ಕೊಳೆ, ವಾಸನೆ ಇದೆ, ಅದನ್ನು ಮುಚ್ಚಿಡಲು ಆಗುವುದಿಲ್ಲ. ಆದರೆ ಈ ನದಿಯ ಕಥೆ ಕನ್ನಡಿಗರಿಗೆ ಸೇರಿದ್ದೂ ಹೌದು. 1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ದವಾಖಾನೆಯ ಆವರಣದಲ್ಲಿ ಒಂದು ಹುಣಸೆ ಮರ ಇದೆ, ಅವತ್ತು ಅದನ್ನು ಹತ್ತಿ ಕೂತವರು ಬದುಕಿಕೊಂಡರು ಎಂದು ಊರವರು ಇವತ್ತಿಗೂ ತೋರಿಸುತ್ತಾರೆ. ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ನೆರೆ ತಡೆಯುವ ಯೋಜನೆ ಅವರದು. ಅದರಂತೆ ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಸೇತುವೆ ಮೇಲೆ ಹತ್ತು ನಿಮಿಷ ನಿಂತು ಇದನ್ನು ಮಕ್ಕಳಿಗೆ ಹೇಳಿದರೆ ಸಾಕು, ಬಸ್ಸು ಕಾಯುವ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಅಲ್ಲಿಂದ ಚಾರ್‌ಮಿನಾರ್ ಕೂಡ ದೂರವಿಲ್ಲ. ಮೇಲೆ ಹತ್ತಲು ಟಿಕೆಟ್ ಇದೆ, ಕೆಳಗಿನಿಂದ ನೋಡಲು ಇಲ್ಲ. ಆದರೆ ಗದ್ದಲ ಜಾಸ್ತಿ. ಚೀಲ ಹೊತ್ತುಕೊಂಡು, ಬಸ್ಸಿನ ಚಿಂತೆ ತಲೆಯಲ್ಲಿ ಇಟ್ಟುಕೊಂಡು ಹೋಗುವ ಜಾಗ ಅದಲ್ಲ.

ಮೌಲಾ ಅಲಿ ಗುಡ್ಡ

ಇದು ಸಿಕಂದರಾಬಾದಿನ ಆಚೆ ಇದೆ. ಬೋರಲು ಹಾಕಿದ ದೊಡ್ಡ ಬೋಗುಣಿಯಂತೆ ಒಂದೇ ಒಂದು ಕಲ್ಲಿನ ಗುಡ್ಡ, ತುದಿಯಲ್ಲಿ ದರ್ಗಾ. ಹತ್ತಲು ನೂರಾರು ಮೆಟ್ಟಿಲು. ಯಾದಗಿರಿ ಕೋಟೆಯ ಗುಡ್ಡ ಹತ್ತಿ ಅಭ್ಯಾಸ ಇದ್ದವರಿಗೆ ಇದು ಕಷ್ಟ ಅನಿಸುವುದಿಲ್ಲ. ಉಳಿದವರು ನಡುನಡುವೆ ನಿಂತು, ನೀರು ಕುಡಿದು ಹತ್ತಬೇಕು.

ಮೇಲಿನ ನೋಟ ಬಿರ್ಲಾ ಮಂದಿರದ ಹಾಗೆ ಅಚ್ಚುಕಟ್ಟಾಗಿಲ್ಲ. ಕೆರೆಯಿಲ್ಲ, ಗುಮ್ಮಟಗಳ ಸಾಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಮನೆಗಳು, ರೈಲು ಹಳಿಗಳು, ನಡುವೆ ಅಲ್ಲಲ್ಲಿ ತಲೆ ಎತ್ತಿದ ಬಂಡೆಗುಡ್ಡಗಳು. ಎದುರಿಗೆ ಖದಮ್-ಎ-ರಸೂಲ್ ಗುಡ್ಡ. ಆದರೆ ಹೈದರಾಬಾದ್ ಎಂಥ ನೆಲದ ಮೇಲೆ ನಿಂತಿದೆ ಅನ್ನುವುದು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು. ನಮ್ಮ ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ, ಕಲಬುರಗಿಯ ಕರಿ ಮಣ್ಣು, ಶಹಾಬಾದ್ ಕಲ್ಲು ನೋಡಿದ ಕಣ್ಣಿಗೆ ಈ ಬೂದು ಗ್ರಾನೈಟ್ ಹೊಸ ಲೋಕ. ನನಗೆ ವೈಯಕ್ತಿಕವಾಗಿ ಊರಿನ ಎಲ್ಲ ನೋಟಗಳಲ್ಲಿ ಹೆಚ್ಚು ಇಷ್ಟವಾದದ್ದು ಇದೇ. ಗಾಳಿ ಬೀಸುವಾಗ ಮೇಲೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಗುಡ್ಡದ ಬುಡದಲ್ಲಿ ಮಾಹ್ ಲಖಾ ಬಾಯಿ ಚಂದಾ (1768-1824) ಎಂಬ ಉರ್ದು ಕವಯಿತ್ರಿಯ ಸಮಾಧಿ ಇದೆ. ತನ್ನ ತಾಯಿಗೆ ಅವಳೇ ಕಟ್ಟಿಸಿದ ತೋಟದ ನಡುವಿನ ಸಮಾಧಿಯ ಬಗಲಲ್ಲೇ ಅವಳೂ ಮಲಗಿದ್ದಾಳೆ. ಹತ್ತುವ ಮೊದಲೋ ಇಳಿದ ಮೇಲೋ ನೋಡಿ ಬನ್ನಿ.

ದರ್ಗಾಕ್ಕೆ ಹೋಗುವ ರೀತಿ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಖ್ವಾಜಾ ಬಂದೇ ನವಾಜರ ದರ್ಗಾದಲ್ಲಿ ಹೇಗೋ ಹಾಗೆ, ಚಪ್ಪಲಿ ಬಿಟ್ಟು, ತಲೆಗೆ ವಸ್ತ್ರ ಹಾಕಿಕೊಂಡು. ರಜಬ್ ತಿಂಗಳ ಉರುಸಿನಲ್ಲಿ ಜನ ತುಂಬಿರುತ್ತಾರೆ. ಶಾಂತವಾಗಿ ನೋಟ ಬೇಕಾದವರು ಆಗ ಬೇಡ. ಬೇಸಿಗೆ ಮಧ್ಯಾಹ್ನ ಅಂತೂ ಬೇಡವೇ ಬೇಡ, ಕಲ್ಲು ಕಾದಿರುತ್ತದೆ. ಮುಂಜಾನೆಯೇ ಒಳ್ಳೆಯದು.

ಇದು ಯಾರಿಗೆ ಸುಲಭ? ಸಿಕಂದರಾಬಾದಿನಲ್ಲಿ ಇಳಿದವರಿಗೆ, ಮತ್ತು 2025ರ ಜನವರಿಯಲ್ಲಿ ಉದ್ಘಾಟನೆಯಾದ ಚರ್ಲಪಲ್ಲಿ ಟರ್ಮಿನಲ್‌ನಿಂದ ರೈಲು ಹಿಡಿಯುವವರಿಗೆ. ಮೌಲಾ ಅಲಿ ರೈಲು ನಿಲ್ದಾಣ ಆ ಎರಡರ ನಡುವೆಯೇ ಬರುತ್ತದೆ. ಪಂಜಾಗುಟ್ಟದ ದವಾಖಾನೆಗೆ ಬಂದವರು ಇದಕ್ಕಾಗಿ ಊರು ದಾಟಿ ಹೋಗಬೇಕಾಗಿಲ್ಲ.

ಹೊಸ ಊರಿನ ಕಡೆ: ಕೇಬಲ್ ಸೇತುವೆ ಮತ್ತು ಖಾಜಾಗುಡ

ಇಂಟರ್‌ವ್ಯೂಗೆ ಬಂದ ಹುಡುಗರು, ಅಲ್ಲೇ ಪಿಜಿಯಲ್ಲಿರುವ ಮಗಳನ್ನು ನೋಡಲು ಬಂದ ಅಪ್ಪ ಅಮ್ಮ, ಇವರೆಲ್ಲ ಇರುವುದು ಮಾದಾಪುರ, ಗಚ್ಚಿಬೌಲಿ ಕಡೆ. ಬೀದರ್ ಬಸ್ಸಿನಲ್ಲಿ ಬರುವವರು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬರುವುದರಿಂದ ಅವರಿಗೆ ಊರಿನ ಈ ಬದಿಯೇ ಮೊದಲು ಸಿಗುತ್ತದೆ. ಇಲ್ಲಿ ಎರಡು ಜಾಗ, ಎರಡಕ್ಕೂ ಅಜಗಜಾಂತರ.

ದುರ್ಗಂ ಚೆರುವು ಮೇಲಿನ ಕೇಬಲ್ ಸೇತುವೆ 2020ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಬದಿಗೆ ನಡೆಯುವ ದಾರಿ ಇದೆ. ಕತ್ತಲಾದ ಮೇಲೆ ಕೇಬಲ್‌ಗಳಿಗೆ ಬಣ್ಣದ ದೀಪ ಹಾಕುತ್ತಾರೆ, ಕೆಳಗಿನ ನೀರಿನಲ್ಲಿ ಅದರ ಬಿಂಬ ಬೀಳುತ್ತದೆ, ಸುತ್ತ ಗಾಜಿನ ಕಟ್ಟಡಗಳು. ಹಾಗಾಗಿ ಇದು ರಾತ್ರಿಯ ನೋಟ. ಹಗಲಲ್ಲಿ ಇದಕ್ಕಾಗಿ ಬರುವಷ್ಟೇನಿಲ್ಲ. ಒಂದು ಕಾಲದಲ್ಲಿ ಗೋಲ್ಕೊಂಡ ಕೋಟೆಗೆ ಕುಡಿಯುವ ನೀರು ಹೋಗುತ್ತಿದ್ದದ್ದು ಇದೇ ಕೆರೆಯಿಂದ. ಇವತ್ತು ಹುಡುಗರಿಗೆ ಸೆಲ್ಫಿ ಜಾಗ. ಕಾಲುದಾರಿ ಬಿಟ್ಟು ರಸ್ತೆಗೆ ಇಳಿದು ಫೋಟೊ ತೆಗೆಯಬೇಡಿ, ಬೈಕ್ ನಿಲ್ಲಿಸಬೇಡಿ. ಪೊಲೀಸರು ದಂಡ ಹಾಕುತ್ತಾರೆ, ಅದಕ್ಕಿಂತ ಮುಖ್ಯವಾಗಿ ಗಾಡಿಗಳ ವೇಗ ಅಪಾಯಕಾರಿ. ಮೆಟ್ರೊದಲ್ಲಿ ದುರ್ಗಂ ಚೆರುವು ಹೆಸರಿನದೇ ನಿಲ್ದಾಣ ಇದೆ, ಆದರೆ ಸೇತುವೆ ಅದರ ಕಾಲಬುಡದಲ್ಲಿಲ್ಲ. ಸ್ವಲ್ಪ ನಡೆಯಬೇಕು, ಇಲ್ಲವೇ ಆಟೊ. ಕೆರೆ ಪಕ್ಕದ ಉದ್ಯಾನಕ್ಕೆ ಬೇರೆ ಟಿಕೆಟ್.

ಖಾಜಾಗುಡ ಮುಂಜಾನೆಯ ಜಾಗ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಕೂತಿವೆ. ಹತ್ತಿ ಕೂತರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಗಚ್ಚಿಬೌಲಿಯ ಗಗನಚುಂಬಿಗಳು. ಎರಡನ್ನೂ ಒಂದೇ ನೋಟದಲ್ಲಿ ನೋಡಬಹುದಾದ ಜಾಗ ಬೇರೆ ದೊಡ್ಡ ಊರುಗಳಲ್ಲಿ ಎಷ್ಟಿವೆ ಹೇಳಿ? ಆದರೆ ಇಲ್ಲಿ ಮೆಟ್ಟಿಲು, ಕಟಾಂಜನ, ದೀಪ, ಅಂಗಡಿ ಯಾವುದನ್ನೂ ನಂಬಿಕೊಂಡು ಹೋಗಬೇಡಿ. ಒಳ್ಳೆ ಬೂಟು ಬೇಕು, ನೀರಿನ ಬಾಟಲಿ ಬೇಕು, ಜೊತೆಗೆ ಮೂರ್ನಾಲ್ಕು ಜನ ಬೇಕು. ಒಬ್ಬರೇ ಹೋಗಬೇಡಿ, ಕತ್ತಲಾದ ಮೇಲೆ ಯಾರೂ ಹೋಗಬೇಡಿ. ಮಳೆಯಲ್ಲಿ ಕಲ್ಲು ಜಾರುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಈ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ. ಮತ್ತೆ, ತಂದ ಪ್ಲಾಸ್ಟಿಕ್ ವಾಪಸ್ ತರಬೇಕು. ಬೀದರ್ ಕೋಟೆಯ ಗೋಡೆ ಮೇಲೆ ಹೆಸರು ಗೀಚಿದವರನ್ನು ನೋಡಿ ನಾವು ಎಷ್ಟು ನೊಂದುಕೊಳ್ಳುತ್ತೇವೆ ಅಲ್ವಾ? ಆ ಬಂಡೆಗಳೂ ಯಾರದೋ ಊರಿನ ಆಸ್ತಿ.

ಟಿಕೆಟ್ ಇದ್ದರೂ ಲೆಕ್ಕಕ್ಕೆ ಬರುವವು

ಗೋಲ್ಕೊಂಡ ಪುಕ್ಕಟೆ ಅಲ್ಲ, ಆದರೂ ಹೇಳದೆ ಬಿಡಲಾಗದು. ಟಿಕೆಟ್ ಇಪ್ಪತ್ತೈದು ರೂಪಾಯಿ ಆಸುಪಾಸು, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಪುರಾತತ್ವ ಇಲಾಖೆ ಸಾಮಾನ್ಯವಾಗಿ ಯಾರಿಂದಲೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಅರ್ಧ ದಿನ ಕೈಯಲ್ಲಿದೆ, ಕಾಲು ಗಟ್ಟಿ ಇವೆ ಅಂದರೆ ಬಾಲಾ ಹಿಸಾರ್ ತುದಿಯ ನೋಟಕ್ಕೆ ಈ ರೊಕ್ಕ ಏನೂ ಅಲ್ಲ. ಎರಡೇ ತಾಸು ಇದ್ದರೆ ಮಾತ್ರ ಬೇಡ. ಹತ್ತಿ ಇಳಿಯುವುದರಲ್ಲೇ ಹೊತ್ತು ಮುಗಿಯುತ್ತದೆ.

ಮೆಟ್ರೊ ಇನ್ನೊಂದು. 2017ರ ನವೆಂಬರ್‌ನಲ್ಲಿ ಶುರುವಾದ ಈ ಮೆಟ್ರೊ ಇಡಿಯಾಗಿ ಕಂಬಗಳ ಮೇಲೆಯೇ ಓಡುತ್ತದೆ, ಸುರಂಗ ಇಲ್ಲ. ಹೇಗೂ ಅದರಲ್ಲಿ ಓಡಾಡುವವರು ಬಾಗಿಲ ಬಳಿ ನಿಂತು ನೋಡಿದರೆ ಊರಿನ ಅರ್ಧ ಮುಖ ಕಂಡೇ ಹೋಗುತ್ತದೆ. ಮಳೆ ಬಂದು ಹೊರಗೆ ಎಲ್ಲೂ ಹೋಗಲಾಗದ ದಿನ ಮಕ್ಕಳಿಗೆ ಇದೇ ದೊಡ್ಡ ಖುಷಿ.

ಊರು ಮುಟ್ಟುವ ಮೊದಲೇ: ಅನಂತಗಿರಿ

ಕಲಬುರಗಿಯಿಂದ ವಾಡಿ, ಸೇಡಂ, ತಾಂಡೂರು ಮೇಲೆ ಹೋಗುವ ರೈಲು, ಬೀದರ್‌ನಿಂದ ಜಹೀರಾಬಾದ್ ಮೇಲೆ ಹೋಗುವ ರೈಲು, ಎರಡೂ ಸೇರುವುದು ವಿಕಾರಾಬಾದ್‌ನಲ್ಲಿ. ಯಾದಗಿರಿಯವರು ವಾಡಿ ಕಡೆಯಿಂದ ಬಂದರೆ ಅವರಿಗೂ ಇದೇ ಹಳಿ. ವಿಕಾರಾಬಾದಿನಿಂದ ಐದಾರು ಕಿಲೋಮೀಟರಿನಲ್ಲಿ ಅನಂತಗಿರಿ ಗುಡ್ಡ, ಅನಂತಪದ್ಮನಾಭ ಸ್ವಾಮಿ ಗುಡಿ, ಸುತ್ತ ಕಾಡು. ಮೂಸಿ ಹುಟ್ಟುವುದು ಈ ಗುಡ್ಡಗಳಲ್ಲೇ. ಜುಲೈನಿಂದ ಅಕ್ಟೋಬರ್‌ವರೆಗೆ ಹಸಿರು ತುಂಬಿರುತ್ತದೆ. ಹೈದರಾಬಾದಿನಲ್ಲಿ ಕೆಲಸ ಮರುದಿನ ಇದ್ದು, ಹಿಂದಿನ ದಿನವೇ ಹೊರಟವರಿಗೆ ಇದು ಒಳ್ಳೆಯ ಆಯ್ಕೆ. ಹೈದರಾಬಾದಿಗೆ ಹೋಗಿ ಸೇರಿದ ಮೇಲೆ ಇಲ್ಲಿಗೆ ವಾಪಸ್ ಬರುವುದು ಮಾತ್ರ ಅರ್ಥವಿಲ್ಲದ ಓಡಾಟ, 70 ಕಿಲೋಮೀಟರಿಗೂ ಜಾಸ್ತಿ.

ಹಾಗಾದರೆ ನಿಮಗೆ ಯಾವುದು?

ದವಾಖಾನೆಗೆ ಬಂದವರು, ಜೊತೆಗೆ ವಯಸ್ಸಾದವರಿದ್ದಾರೆ ಅಂದರೆ ಟ್ಯಾಂಕ್ ಬಂಡ್. ಯೋಚಿಸುವುದೇ ಬೇಡ. ಪಂಜಾಗುಟ್ಟ, ಸೋಮಾಜಿಗುಡದ ಕಡೆಯಿಂದ ನೆಕ್ಲೆಸ್ ರಸ್ತೆ ಇನ್ನೂ ಹತ್ತಿರ, ಆದರೆ ಅದು ಮುಂಜಾನೆಗೆ.

ಗಂಡ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು, ಒಂದು ಪೂರ್ತಿ ಸಂಜೆ: ಬಿರ್ಲಾ ಮಂದಿರ, ಆಮೇಲೆ ದಂಡೆ. ಇಡೀ ಸಂಜೆಗೆ ಆಟೊ, ಚಹಾ, ಮಕ್ಕಳಿಗೆ ಜೋಳದ ತೆನೆ ಬಿಟ್ಟರೆ ಬೇರೆ ಖರ್ಚಿಲ್ಲ. ಫೋಟೊ ಆಸೆಯನ್ನು ದಂಡೆಯಲ್ಲಿ ತೀರಿಸಿಕೊಳ್ಳಿ.

ಸಿಕಂದರಾಬಾದಿನಲ್ಲಿ ಅರ್ಧ ದಿನ ರೈಲು ಕಾಯಬೇಕಾದವರು ಮೌಲಾ ಅಲಿಗೆ ಹೋಗಿ. ಚೀಲಗಳನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಟ್ಟು ಹೊರಡಿ, ಹೊತ್ತುಕೊಂಡು ಗುಡ್ಡ ಹತ್ತಬೇಡಿ. ಮಾದಾಪುರದಲ್ಲಿ ಉಳಿದ ಹುಡುಗರಿಗೆ ರಾತ್ರಿ ಸೇತುವೆ, ಮುಂಜಾನೆ ಖಾಜಾಗುಡ. ಒಬ್ಬಳೇ ಬಂದ ಹೆಣ್ಣುಮಗಳಿಗೆ ನಾನು ಹೇಳುವುದು ಬಿರ್ಲಾ ಮಂದಿರ. ಕುಟುಂಬಗಳು ಸುತ್ತ ಇರುತ್ತವೆ, ಕಾವಲಿನವರಿದ್ದಾರೆ, ಬೆಳಕಿದೆ.

ದಾರಿ ಕೇಳುವುದಕ್ಕೆ ಹೆದರಬೇಡಿ. ಬೀದರ್, ಕಲಬುರಗಿಯವರ ದಖನಿ ಅಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆಟೊ ಹತ್ತುವ ಮೊದಲು ಮೀಟರ್ ಇಲ್ಲವೇ ಆ್ಯಪ್‌ನಲ್ಲಿ ದರ ನೋಡಿಕೊಳ್ಳಿ. ರಾತ್ರಿ ಬಸ್ಸು ಇಮ್ಲಿಬನ್‌ನಿಂದ ಇದ್ದರೆ ಮೆಟ್ರೊದಲ್ಲಿ ಎಂಜಿಬಿಎಸ್ ನಿಲ್ದಾಣಕ್ಕೇ ಹೋಗಿ ಇಳಿಯಬಹುದು, ಕೆಂಪು ಮತ್ತು ಹಸಿರು ಎರಡೂ ಮಾರ್ಗ ಅಲ್ಲಿ ಸೇರುತ್ತವೆ. ಸಂಜೆಯ ಟ್ರಾಫಿಕ್‌ನಲ್ಲಿ ಆಟೊಗಿಂತ ಅದೇ ನಂಬಿಕೆಯದು. ಕೊನೆಯ ಗಾಡಿ 11ರ ಸುಮಾರಿಗೆ, ಆದರೆ ಬಸ್ಸಿನ ಹೊತ್ತಿಗಿಂತ ಮುಕ್ಕಾಲು ತಾಸು ಮೊದಲೇ ಅಲ್ಲಿ ಇರಿ. ನಿಲ್ದಾಣ ದೊಡ್ಡದು, ಕರ್ನಾಟಕದ ಬಸ್ಸುಗಳ ಪ್ಲಾಟ್‌ಫಾರಂ ಹುಡುಕುವುದಕ್ಕೂ ಹೊತ್ತು ಬೇಕು.